ಹನ್ನೆರಡನೇ ಫೋಟೊದಿಂದ ಮುಂದೆ

ಘಟಿಕೋತ್ಸವದ ಕೆಲಸ ಅಂದರೆ ಒಂದೇ ಫೋಟೊವನ್ನು ಸಾವಿರದ ಮುನ್ನೂರು ಸಲ ತೆಗೆಯುವುದು. ಹೆಸರು ಕೂಗುತ್ತಾರೆ. ಕಪ್ಪು ನಿಲುವಂಗಿ ತೊಟ್ಟವರೊಬ್ಬರು ಎಡಗಡೆಯಿಂದ ಬಂದು, ಬಲಗೈಯಲ್ಲಿ ಕುಲಪತಿಗಳ ಕೈ ಕುಲುಕಿ, ಎಡಗೈಯಲ್ಲಿ ಪದವಿ ಪತ್ರ ಹಿಡಿದು, ಕಣ್ಣು ಮಿಟುಕಿಸುವಷ್ಟು ಹೊತ್ತು ನನ್ನ ಕಡೆ ನೋಡಿ ಬಲಗಡೆ ಇಳಿದು ಹೋಗುತ್ತಾರೆ. ಅಷ್ಟರಲ್ಲಿ ನಾನು ಒತ್ತಿರಬೇಕು. ತಪ್ಪಿದರೆ ಅವರ ಮನೆಯ ಗೋಡೆಯ ಮೇಲೆ ಒಂದು ಮೊಳೆ ಖಾಲಿ ಉಳಿಯುತ್ತದೆ, ನನ್ನ ಹೆಸರು ಕೆಡುತ್ತದೆ.

ಆ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಆರುನೂರ ನಲವತ್ತು ಆಗಿತ್ತು. ಐವತ್ತೊಂದು ವರ್ಷದ ಮಂಡಿಗಳು ನನ್ನವು. ವೇದಿಕೆಯ ಕೆಳಗೆ ನಿಂತಲ್ಲೇ ನಿಂತು ಕಾಲು ಮರಗಟ್ಟಿ, ನಡೆಯಲು ಹೋದರೆ ಬೇರೆ ಯಾರದೋ ಕಾಲನ್ನು ಎಳೆದುಕೊಂಡು ಹೋದ ಹಾಗಿತ್ತು. ವೇದಿಕೆಯ ಹಿಂದೆ ನಮಗೆಂದು ಬಿಟ್ಟುಕೊಟ್ಟಿದ್ದ ಕೋಣೆಯಲ್ಲಿ ಮುರಿದ ಮೈಕ್ ಸ್ಟ್ಯಾಂಡುಗಳು, ಮಡಚಿದ ಪರದೆಗಳು, ಒಂದು ಉದ್ದನೆಯ ಮೇಜು. ಪರದೆಗಳಿಂದ ಹಳೆಯ ಧೂಳಿನ ವಾಸನೆ. ಮೇಜಿನ ಒಂದು ತುದಿಯಲ್ಲಿ ಚಿಕ್ಕಪ್ಪ ಆಗಲೇ ಕೂತಿದ್ದರು.

ಚಿಕ್ಕಪ್ಪ ಅಂದರೆ ನಮ್ಮಪ್ಪನ ತಮ್ಮ. ಮೂವರು ಅಣ್ಣತಮ್ಮಂದಿರಲ್ಲಿ ಕೊನೆಯವರು. ಸ್ಟುಡಿಯೋ ಅವರದು, ಕೆಲಸ ಕಲಿಸಿದವರೂ ಅವರೇ. ಈಗ ಎಪ್ಪತ್ತನಾಲ್ಕು. ಅರವತ್ತರ ನಂತರ ಕಣ್ಣು ಕೆಟ್ಟಿತು ಎಂದು ಮನೆಯವರಿಗೆಲ್ಲ ಗೊತ್ತು. ಎದುರಿಗೆ ಕೂತವರ ಮುಖ ಕಾಣುವುದಿಲ್ಲ, ಪಕ್ಕದ ಗೋಡೆ ಕಾಣುತ್ತದೆ. ಹಾಗಾಗಿ ಯಾರ ಜೊತೆ ಮಾತಾಡಿದರೂ ಬೇರೆಲ್ಲೋ ನೋಡುತ್ತಿರುತ್ತಾರೆ. ಗೊತ್ತಿಲ್ಲದವರು ಇವರಿಗೆ ಎಷ್ಟು ಜಂಬ ಅಂದುಕೊಳ್ಳುತ್ತಾರೆ. ಹೋದ ವರ್ಷ ಚಿಕ್ಕಮ್ಮ ತೀರಿಕೊಂಡ ಮೇಲೆ ಅವರನ್ನು ಮನೆಯಲ್ಲಿ ಒಬ್ಬರನ್ನೇ ಬಿಡಲು ಮನಸ್ಸಾಗದೆ ನಾನು ಕೆಲಸಕ್ಕೆ ಹೋದಲ್ಲೆಲ್ಲ ಕರೆದುಕೊಂಡು ಹೋಗುತ್ತೇನೆ. ಸುಮ್ಮನೆ ಕೂತಿರಲು ಅವರೂ ಒಪ್ಪುವವರಲ್ಲ. ಬಸ್ಸಿನಲ್ಲಿ ಜನ ಎಣಿಸಲು ಬಳಸುತ್ತಾರಲ್ಲ, ಅಂಥ ಒಂದು ಎಣಿಕೆ ಯಂತ್ರ ಅವರ ಅಂಗೈಯಲ್ಲಿರುತ್ತದೆ. ಪ್ರತಿ ಹೆಸರಿಗೆ ಒಂದು ಸಲ ಒತ್ತುತ್ತಾರೆ. ಕೊನೆಗೆ ಅವರ ಸಂಖ್ಯೆ, ನನ್ನ ಕ್ಯಾಮೆರಾದ ಸಂಖ್ಯೆ ಎರಡೂ ಕೂಡಬೇಕು.

"ಆರುನೂರ ನಲವತ್ತು," ಅಂದರು.

"ನನ್ನದೂ ಅಷ್ಟೇ," ಎಂದು ಅವರ ಊಟದ ಪೊಟ್ಟಣ ಬಿಚ್ಚಿ ಕೈಗೆ ಕೊಟ್ಟೆ.

ನನ್ನ ಜೊತೆ ಕೆಲಸಕ್ಕೆ ಬಂದಿದ್ದವರು ಇನ್ನಿಬ್ಬರು. ಒಬ್ಬನಿಗೆ ಏಣಿ ಎಂದೇ ಹೆಸರು. ಗುಂಪು ಫೋಟೊ ತೆಗೆಯಲು ಸದಾ ಒಂದು ಏಣಿ ಹೊತ್ತು ತಿರುಗುತ್ತಾನೆ, ಆಳೂ ಹಾಗೇ ಇದ್ದಾನೆ. ಇನ್ನೊಬ್ಬ ಹಿಂದೆ ಪತ್ರಿಕೆಯಲ್ಲಿದ್ದವನು, ನಾವೆಲ್ಲ ಪೇಪರ್ ಅಣ್ಣ ಎನ್ನುತ್ತೇವೆ. ಊಟ ಅರ್ಧವಾಗಿರುವಾಗ ಬಾಗಿಲಲ್ಲಿ ಒಬ್ಬ ಹುಡುಗಿ ಬಂದು ನಿಂತಳು. ಹೆಗಲ ಮೇಲೆ ಚೀಲ, ಕೊರಳಲ್ಲಿ ಗುರುತಿನ ಚೀಟಿ. ಅದರ ಮೇಲೆ ಒಂದು ಪುಟ್ಟ ಹಕ್ಕಿ.

ಆ ಹಕ್ಕಿ ನಮಗೆಲ್ಲ ಗೊತ್ತು. ಕ್ಯಾಮೆರಾದ ಹಣೆಯ ಮೇಲೆ ಹಕ್ಕಿ ಕೆತ್ತಿರುವ ಕಂಪನಿ ಅದು. ನಿಜವಾದ ಹೆಸರು ಹೇಳಲು ನಾಲಿಗೆ ಹೊರಳುವುದಿಲ್ಲ, ಅದಕ್ಕೇ ಎಲ್ಲರ ಬಾಯಲ್ಲೂ ಹಕ್ಕಿ ಮಾರ್ಕ್. ನಮ್ಮ ಕಾಲದವರಿಗೆ ಅದನ್ನು ಬಿಟ್ಟರೆ ಬೇರೆ ಕ್ಯಾಮೆರಾ ಇರಲಿಲ್ಲ ಅನ್ನಬೇಕು. ಕೆಳಗೆ ಬಿದ್ದರೆ ನೆಲಕ್ಕೆ ಏಟಾಗುತ್ತಿತ್ತು, ಕ್ಯಾಮೆರಾಗಲ್ಲ.

ಕಂಪನಿಗೆ ಎಪ್ಪತ್ತೈದು ವರ್ಷವಂತೆ. ಹಳೆಯ ಫೋಟೊಗ್ರಾಫರುಗಳಿಂದ ಅವರ ಮೊದಲ ಹಕ್ಕಿ ಕ್ಯಾಮೆರಾದ ನೆನಪು ಕೇಳಿ ಪುಸ್ತಕ ಮಾಡುತ್ತಾರಂತೆ. "ಬೆಳಗ್ಗೆಯಿಂದ ಇದು ನನ್ನ ನಾಲ್ಕನೇ ಜಾಗ," ಎಂದು ಹುಡುಗಿ ಖಾಲಿ ಕುರ್ಚಿಯಲ್ಲಿ ಕುಸಿದಳು. "ಐದೈದು ನಿಮಿಷ ಮಾತಾಡಿದರೆ ಸಾಕು. ನನಗೂ ಸಾಕಾಗಿದೆ."

ಅವಳ ಆ ಕೊನೆಯ ಮಾತಿಗೆ ನಮಗೆ ಅವಳ ಮೇಲೆ ಮರುಕ ಬಂತು. ಏಣಿ ತನ್ನ ಬಿಸ್ಕತ್ತಿನ ಪೊಟ್ಟಣ ಅವಳ ಕಡೆ ಸರಿಸಿದ. ಅವಳು ಫೋನನ್ನು ಮೇಜಿನ ನಡುವೆ ಇಟ್ಟು ರೆಕಾರ್ಡ್ ಒತ್ತಿದಳು.

"ನನ್ನದು ಸೆಕೆಂಡ್ ಹ್ಯಾಂಡ್," ಎಂದು ಏಣಿ ಶುರು ಮಾಡಿದ. "ತಂದು ನೋಡಿದ್ರೆ ಒಳಗೆ ಅರ್ಧ ತೆಗೆದ ರೋಲು. ಉಳಿದರ್ಧ ನಾನು ತೆಗೆದೆ. ತೊಳೆಸಿದ್ರೆ ಮೊದಲ ಹದಿನೆಂಟರಲ್ಲಿ ಯಾವುದೋ ಸಂಸಾರ. ಗಂಡ, ಹೆಂಡತಿ, ಎರಡು ಮಕ್ಕಳು, ಯಾವುದೋ ಕೆರೆ ದಂಡೆ. ಮಾರಿದವನನ್ನ ಹುಡುಕಿಕೊಂಡು ಹೋದೆ, ಮನೆ ಖಾಲಿ ಮಾಡಿದ್ದ. ಎಸೆಯೋಕೆ ಮನಸ್ಸಾಗಲಿಲ್ಲ, ಇಟ್ಕೊಂಡೆ. ಆಮೇಲೆ ನನ್ನ ಮದುವೆ ಆಯ್ತು. ಬೀರುವಲ್ಲಿ ಅದು ನನ್ನ ಹೆಂಡತಿ ಕೈಗೆ ಸಿಕ್ತು. ಮೂವತ್ತು ವರ್ಷದಿಂದ ಹೇಳ್ತಿದೀನಿ, ಆ ಹೆಂಗಸು ಯಾರೋ ನನಗೆ ಗೊತ್ತಿಲ್ಲ ಕಣೇ ಅಂತ. ಇವತ್ತಿಗೂ ನಂಬಲ್ಲ."

ಹುಡುಗಿ ನಕ್ಕಳು. ಬಹುಶಃ ಆ ದಿನದ ಮೊದಲ ನಗು.

ಪೇಪರ್ ಅಣ್ಣ ಮೊಸರಿನ ಡಬ್ಬಿ ಕೆರೆಯುತ್ತ, "ನನಗೇನೂ ನೆನಪಿಲ್ಲಮ್ಮ. ಭಾರ ಇತ್ತು. ಕುತ್ತಿಗೆ ನೋಯ್ತಿತ್ತು. ಈಗಲೂ ನೋಯುತ್ತೆ. ಹಾಗೇ ಬರ್ಕೋ," ಅಂದ.

ಆಮೇಲೆ ನನ್ನ ಸರದಿ. ನನ್ನ ಕಥೆ ನನಗೆ ಬಾಯಿಪಾಠ. ಮೂವತ್ತೆರಡು ವರ್ಷದಿಂದ ಎಲ್ಲಿ ಕೇಳಿದರೂ ಹೇಳುತ್ತ ಬಂದಿದ್ದೇನೆ. ಎಲ್ಲಿ ನಿಲ್ಲಿಸಿದರೆ ಜನ ನಗುತ್ತಾರೆ ಎನ್ನುವುದೂ ಗೊತ್ತು.

ನನಗಾಗ ಹತ್ತೊಂಬತ್ತು. ದೊಡ್ಡಪ್ಪನ ಮಗಳ ಮದುವೆ. ಅವಳು ನನಗಿಂತ ಐದು ವರ್ಷ ದೊಡ್ಡವಳು, ಅಕ್ಕ ಅಂತಲೇ ಕರೆಯುತ್ತಿದ್ದೆ. ಫೋಟೊ ಚಿಕ್ಕಪ್ಪನದು. ಅವರಿಗೆ ಸಹಾಯಕ್ಕೆ ನಾನು. ಸಹಾಯ ಅಂದರೆ ಫ್ಲಾಶ್ ಎತ್ತಿ ಹಿಡಿಯುವುದು, ರೋಲು ಬದಲಿಸಿ ಕೊಡುವುದು. ಆ ಹಕ್ಕಿ ಕ್ಯಾಮೆರಾವನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ. ನಾನು ಮುಟ್ಟಿದರೂ ಬಟ್ಟೆಯಿಂದ ಒರೆಸಿ ಇಡುತ್ತಿದ್ದರು. ಹತ್ತು ಹನ್ನೊಂದು ಫೋಟೊ ಆಗಿರಬೇಕು. ಗುಂಪು ಫೋಟೊಗೆ ನಲವತ್ತು ಜನ ನಿಂತರು. ಚಿಕ್ಕಪ್ಪ ಕ್ಯಾಮೆರಾ ಕಣ್ಣಿಗಿಟ್ಟು ಲೆನ್ಸ್ ತಿರುಗಿಸಿದರು. ತಿರುಗಿಸಿದರು. ಮತ್ತೆ ಹಿಂದಕ್ಕೆ ತಿರುಗಿಸಿದರು. ಮಕ್ಕಳು ಅಳಲು ಶುರು ಮಾಡಿದವು. ದೊಡ್ಡಪ್ಪನಿಗೆ ರೈಲ್ವೆಯಲ್ಲಿ ಕೆಲಸ, ಇಂಜಿನ್ ಸದ್ದಿನ ಮೇಲೆ ಮಾತಾಡಿ ಅಭ್ಯಾಸ. ಇಡೀ ಹಾಲಿಗೆ ಕೇಳುವ ಹಾಗೆ, "ಏನೋ ಮಾಡ್ತಿದೀಯಾ? ಬಾವಿ ತೋಡ್ತಿದೀಯಾ? ಬೇಗ ಒತ್ತೋ," ಅಂದರು. ನಲವತ್ತು ಜನವೂ ನಕ್ಕರು. ಚಿಕ್ಕಪ್ಪ ಕ್ಯಾಮೆರಾ ಇಳಿಸಿದರು, ಪಟ್ಟಿ ತೆಗೆದು ನನ್ನ ಕೊರಳಿಗೆ ಹಾಕಿದರು, "ಇನ್ನು ನೀನು ತೆಗಿ," ಎಂದು ಪಕ್ಕದ ಬಾಗಿಲಿಂದ ಹೊರಟೇಹೋದರು.

"ಹಾಗೆ ಹನ್ನೆರಡನೇ ಫೋಟೊದಿಂದ ಮುಂದೆ ನಾನು ಫೋಟೊಗ್ರಾಫರ್," ಎಂದು ನಾನು ಯಾವಾಗಲೂ ನಿಲ್ಲಿಸುವ ಕಡೆ ನಿಲ್ಲಿಸಿದೆ. "ಮೂಗಿನ ತುದಿಯಲ್ಲಿ ಸಿಟ್ಟಿರೋ ಚಿಕ್ಕಪ್ಪ ಇದ್ರೆ ಯಾವ ಕಾಲೇಜೂ ಬೇಡ."

ಏಣಿ ನಕ್ಕ. ಹುಡುಗಿಯೂ ನಕ್ಕಳು. ಇಂಥ ಹೊತ್ತಿನಲ್ಲಿ ಚಿಕ್ಕಪ್ಪನೂ ಹ್ಹ ಹ್ಹ ಎಂದು ಒಣ ನಗೆ ನಗುವುದು ರೂಢಿ. ಆ ದಿನ ನಗಲಿಲ್ಲ. ಊಟದ ಪೊಟ್ಟಣದ ಕಾಗದವನ್ನು ಮಡಚುತ್ತಿದ್ದರು. ಮಡಚಿ, ಮತ್ತೆ ಮಡಚಿ, ಬೆಂಕಿಪೊಟ್ಟಣದಷ್ಟು ಮಾಡಿದರು.

"ಅದು ಹಾಗಲ್ಲ," ಅಂದರು.

"ಯಾವುದು?"

"ನನಗೆ ಸಿಟ್ಟು ಬಂದಿರಲಿಲ್ಲ." ಮುಖವನ್ನು ಕಿಟಕಿಯ ಕಡೆ ತಿರುಗಿಸಿದ್ದರು, ಅಂದರೆ ನನ್ನನ್ನು ನೋಡುತ್ತಿದ್ದರು. "ಅಮ್ಮಾ ಹುಡುಗಿ, ಅದನ್ನ ಸ್ವಲ್ಪ ಆಫ್ ಮಾಡ್ತೀಯಾ?"

ಹುಡುಗಿ ಫೋನ್ ಎತ್ತಿಕೊಂಡು ಆಫ್ ಮಾಡಿ, ಆಫ್ ಆಗಿದ್ದನ್ನು ನನಗೆ ತೋರಿಸಿದಳು.

"ಪುಟ್ಟಿ, ಆ ಕ್ಯಾಮೆರಾದಲ್ಲಿ ಫೋಕಸ್ ಹೆಂಗೆ ಮಾಡೋದು, ಇವಳಿಗೆ ಹೇಳು."

ಐವತ್ತೊಂದು ವರ್ಷವಾದರೂ ಅವರಿಗೆ ನಾನು ಪುಟ್ಟಿಯೇ. ಹೇಳಿದೆ. ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟರೆ ನಟ್ಟನಡುವೆ ಒಂದು ಪುಟ್ಟ ವೃತ್ತ. ಫೋಕಸ್ ಕೂಡದಿದ್ದರೆ ಅದರೊಳಗೆ ಮುಖ ಎರಡು ಹೋಳಾಗಿ ಕಾಣುತ್ತದೆ, ಹಣೆ ಒಂದು ಕಡೆ, ಗಲ್ಲ ಒಂದು ಕಡೆ. ಲೆನ್ಸಿನ ಬಳೆ ತಿರುಗಿಸಿ ಎರಡು ಹೋಳನ್ನೂ ಸೇರಿಸಿದರೆ ಫೋಕಸ್.

"ನಡುವೆ," ಅಂದರು ಚಿಕ್ಕಪ್ಪ. "ನನಗೆ ಆ ನಡುವೇ ಇರಲಿಲ್ಲ. ಮದುವೆಗೆ ನಾಲ್ಕು ತಿಂಗಳು ಮುಂಚೆ ಬಲಗಣ್ಣಲ್ಲಿ ಶುರುವಾಯ್ತು. ಗಾಜಿನ ಮೇಲೆ ಬೆರಳು ಒತ್ತಿದ ಗುರುತು ಇರುತ್ತಲ್ಲ, ಹಾಗೆ. ಲೆನ್ಸ್ ಒರೆಸಿದೆ. ಕಿಂಡಿ ಒರೆಸಿದೆ. ಆಮೇಲೆ ಗೊತ್ತಾಯ್ತು, ಒರೆಸೋ ಜಾಗ ಅದಲ್ಲ ಅಂತ. ಎಡಗಣ್ಣಿಟ್ಟು ತೆಗೆಯೋದು ಅಭ್ಯಾಸ ಮಾಡ್ಕೊಂಡೆ. ಮದುವೆ ದಿನ ನೋಡಿದ್ರೆ ಎಡಗಣ್ಣಲ್ಲೂ ಕಂಬ ಸೊಟ್ಟ ಕಾಣ್ತಿದೆ. ನಲವತ್ತು ಜನ ನಿಂತಿದಾರೆ, ಸೀರೆ ಅಂಚು ಕಾಣುತ್ತೆ, ಹಾಲಿನ ಕಿಟಕಿ ಕಾಣುತ್ತೆ, ಒಂದೂ ಮುಖ ಕಾಣಲ್ಲ. ಅಣ್ಣ ಕೂಗಿದ. ಅವನು ಕೂಗದೇ ಇದ್ದಿದ್ರೆ ನಾನು ಏನು ಮಾಡ್ತಿದ್ದೆನೋ ಗೊತ್ತಿಲ್ಲ. ಅವನು ಕೂಗಿದ್ದಕ್ಕೆ ನನಗೊಂದು ಬಾಗಿಲು ಸಿಕ್ತು."

ಏಣಿ ತನ್ನ ಟೀ ಲೋಟವನ್ನೇ ನೋಡುತ್ತಿದ್ದ.

"ಡಾಕ್ಟ್ರಿಗೆ ತೋರಿಸಲಿಲ್ವಾ?" ಎಂದೆ.

"ತೋರಿಸಿದೆ. ಮೂರು ಕಡೆ. ಬೇರೆ ಊರಿಗೆ ಹೋಗಿ. ಇದಕ್ಕೆ ಮದ್ದಿಲ್ಲ, ನಿಧಾನಕ್ಕೆ ಹೋಗುತ್ತೆ, ಪೂರ್ತಿ ಕತ್ತಲಾಗಲ್ಲ ಅಂದ್ರು. ನಿಮ್ಮ ಚಿಕ್ಕಮ್ಮ ಜೊತೆಗಿದ್ದಳು."

"ಹಾಗಾದ್ರೆ ಮನೆಯಲ್ಲಿ ಯಾಕೆ ಹೇಳಲಿಲ್ಲ?"

"ಸಿಟ್ಟಿನ ಫೋಟೊಗ್ರಾಫರ್‌ನ ಜನ ಮತ್ತೆ ಕರೀತಾರೆ ಪುಟ್ಟಿ. ಕಣ್ಣು ಕಾಣದವನನ್ನ ಯಾರು ಕರೀತಾರೆ?"

ಮದುವೆಯ ಮಾರನೆಯ ದಿನದಿಂದ ಒಂದೊಂದೇ ಲೆಕ್ಕಕ್ಕೆ ಬರತೊಡಗಿತು. ಹೊರಗಿನ ಕೆಲಸಕ್ಕೆಲ್ಲ ನನ್ನನ್ನೇ ಕಳಿಸಲು ಶುರು ಮಾಡಿದ್ದು. ತಾವು ಡಾರ್ಕ್ ರೂಮ್ ಹಿಡಿದು ಕೂತಿದ್ದು. ಕತ್ತಲಲ್ಲಿ ಕಣ್ಣಿದ್ದವನೂ ಕೈಯಿಂದಲೇ ಕೆಲಸ ಮಾಡಬೇಕು, ಅಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಪ್ರಿಂಟ್ ಹಾಕುವಾಗ ಮಾತ್ರ ನನ್ನನ್ನು ಕರೆದು, "ಫೋಕಸ್ ನೋಡು, ನೀನೂ ಕಲೀಬೇಕಲ್ಲ," ಎನ್ನುತ್ತಿದ್ದರು. ಬಂದ ಕಾಗದಗಳನ್ನೆಲ್ಲ ನನ್ನಿಂದಲೇ ಓದಿಸುತ್ತಿದ್ದರು, ಕನ್ನಡಕ ಎಲ್ಲೋ ಇಟ್ಟಿದ್ದೇನೆ ಎಂದು. ಎಷ್ಟು ಮರೆವಿನ ಮನುಷ್ಯ ಎಂದು ನಾನು ಚಿಕ್ಕಮ್ಮನ ಹತ್ತಿರ ನಗೆಯಾಡುತ್ತಿದ್ದೆ. ಚಿಕ್ಕಮ್ಮನೂ ನಗುತ್ತಿದ್ದಳು.

"ಆ ರೋಲಿನಲ್ಲಿ ಮೊದಲ ಹನ್ನೊಂದು?" ಕೇಳಿದೆ. ಬೆಳಕು ಬಿದ್ದು ಹಾಳಾಗಿವೆ ಎಂದು ಅವರು ಆಗ ಹೇಳಿದ್ದರು.

"ಬೆಳಕು ಎಲ್ಲಿಂದ ಬೀಳುತ್ತೆ? ಹನ್ನೊಂದೂ ಮಂಜು. ಒಂದೂ ಫೋಕಸ್ ಇರಲಿಲ್ಲ ಅಂತ ನಿಮ್ಮ ಚಿಕ್ಕಮ್ಮ ನೋಡಿ ಹೇಳಿದ್ಲು. ಕತ್ತರಿಸಿ ಒಲೆಗೆ ಹಾಕಿದೆ."

"ಇಷ್ಟು ವರ್ಷ ಆದ ಮೇಲೆ ಈಗ ಯಾಕೆ ಹೇಳ್ತಿದೀರಾ?"

ಚಿಕ್ಕಪ್ಪ ಮಡಚಿದ ಕಾಗದವನ್ನು ಮೇಜಿನ ಮೇಲಿಟ್ಟರು. "ಅವಳಿದ್ದಾಗ ಒಬ್ಬಳಿಗಾದ್ರೂ ಗೊತ್ತಿತ್ತು. ಈಗ ನಾನೊಬ್ಬನೇ ಇದನ್ನ ಹೊತ್ಕೊಂಡು ತಿರುಗಬೇಕು. ಸುಸ್ತಾಗುತ್ತೆ."

ಅಷ್ಟರಲ್ಲಿ ಹೊರಗೆ ಮೈಕ್ ಕರಕರ ಎಂದಿತು. ಎರಡನೇ ಸರದಿ ಶುರುವಾಗಲಿತ್ತು. ಹುಡುಗಿ ಎದ್ದು ನಿಂತು, "ಸರ್, ಇದನ್ನ ನಾನು ಬರೆಯೋದಿಲ್ಲ," ಅಂದಳು.

"ಇವಳು ಹೇಳಿದ್ದನ್ನೇ ಬರ್ಕೊಳಮ್ಮ. ಅದು ಕೇಳೋಕೆ ಚೆನ್ನಾಗಿದೆ."

ನಾನು ಬೇಡವೆಂದು ತಲೆಯಾಡಿಸಿದೆ. ಅವಳಿಗೆ ಅರ್ಥವಾಯಿತು. ಎಷ್ಟೋ ತಿಂಗಳ ಮೇಲೆ ಪುಸ್ತಕ ಬಂತು. ಅದರಲ್ಲಿ ನಾನೂ ಇಲ್ಲ, ಚಿಕ್ಕಪ್ಪನೂ ಇಲ್ಲ. ಏಣಿಯ ಕೆರೆ ದಂಡೆಯ ಸಂಸಾರ ಮಾತ್ರ ಇಡೀ ಪುಟ ಬಂದಿದೆ. ಅವನ ಹೆಂಡತಿ ಅದನ್ನೂ ನಂಬಲಿಲ್ಲವಂತೆ.

ಮಧ್ಯಾಹ್ನದ್ದು ಆರುನೂರ ತೊಂಬತ್ತಾರು ಜನ. ಈಗಿನ ಕ್ಯಾಮೆರಾ ತಾನೇ ಮುಖ ಹುಡುಕಿ ಫೋಕಸ್ ಮಾಡುತ್ತದೆ. ಒಬ್ಬೊಬ್ಬರ ಮುಖದ ಮೇಲೂ ಒಂದು ಹಸಿರು ಚೌಕ ಬಂದು ಕೂರುತ್ತಿತ್ತು, ನಾನು ಒತ್ತುತ್ತಿದ್ದೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ತಲೆ ಮಾತ್ರ ದೊಡ್ಡಪ್ಪನ ಮನೆಯಲ್ಲಿತ್ತು. ಮದುವೆಯ ನಂತರ ದೊಡ್ಡಪ್ಪ, ತಮ್ಮನೇ ಬಂದು ತಪ್ಪಾಯ್ತು ಅನ್ನಲಿ ಎಂದು ಕಾದರು. ತಮ್ಮ ಹೋಗಲಿಲ್ಲ. ಮೊದಲು ಮಾತು ನಿಂತಿತು, ಆಮೇಲೆ ಹೋಗಿಬರುವುದು ನಿಂತಿತು. ನಮ್ಮಪ್ಪ ಇಬ್ಬರ ನಡುವೆ ಓಡಾಡಿ ಚಪ್ಪಲಿ ಸವೆಸಿದ್ದೇ ಬಂತು. ಹನ್ನೊಂದು ವರ್ಷಕ್ಕೆ ದೊಡ್ಡಪ್ಪ ತೀರಿಕೊಂಡರು. ಆ ದಿನ ಚಿಕ್ಕಪ್ಪ ಹೋಗಿ ಗೇಟಿನ ಹೊರಗೆ ನಿಂತು ವಾಪಸ್ ಬಂದರು. ಒಳಗೆ ಬರಲೂ ಅಹಂಕಾರ ಬಿಡಲಿಲ್ಲ ಎಂದು ನೆಂಟರೆಲ್ಲ ಆಡಿಕೊಂಡರು. ನಾನೂ ಆಡಿಕೊಂಡೆ.

ಎಲ್ಲ ಮುಗಿದು ಜನ ಕರಗಿದ ಮೇಲೆ ಚಿಕ್ಕಪ್ಪನ ಹತ್ತಿರ ಹೋದೆ.

"ಆರುನೂರ ತೊಂಬತ್ತಾರು," ಅಂದರು.

ನನ್ನದು ಆರುನೂರ ತೊಂಬತ್ತೈದು. ನನಗೆ ನಂಬಿಕೆಯಾಗಲಿಲ್ಲ. "ನೀವು ಎರಡು ಸಲ ಒತ್ತಿರಬೇಕು."

"ಇಲ್ಲ. ನೀನು ಒಂದು ಬಿಟ್ಟೆ. ನಾನೂರರ ಆಚೆ ಈಚೆ. ಹೆಸರು ಕೂಗಿದ್ರು, ಫ್ಲಾಶ್ ಟಪ್ ಅನ್ನಲಿಲ್ಲ."

ಹೆಸರುಗಳ ಪಟ್ಟಿ ಹಿಡಿದು ಏಣಿಯೂ ನಾನೂ ಫೋಟೊಗಳನ್ನು ಒಂದೊಂದಾಗಿ ಸರಿಸಿ ನೋಡಿದೆವು. ನಾನೂರ ಹನ್ನೆರಡು ಇರಲಿಲ್ಲ. ಯಾರೋ ಓಡಿಹೋಗಿ ಆ ಹೆಸರಿನ ವಿದ್ಯಾರ್ಥಿನಿಯನ್ನು ಸೈಕಲ್ ನಿಲ್ಲಿಸುವ ಜಾಗದಲ್ಲಿ ಹಿಡಿದು ಕರೆತಂದರು. ಅವಳಮ್ಮನೂ ಹಿಂದೆಯೇ ಬಂದಳು, ಪದವಿ ವಾಪಸ್ ಕೇಳುತ್ತಾರೇನೋ ಎನ್ನುವ ಗಾಬರಿ ಅವಳ ಮುಖದಲ್ಲಿ. ಕುಲಪತಿಗಳು ಹೋಗಿಯಾಗಿತ್ತು. ಕುರ್ಚಿ ಎಣಿಸುತ್ತಿದ್ದ ಕಚೇರಿಯ ಗುಮಾಸ್ತರಿಗೆ ಅವರ ಹಾಗೆ ಕೆಂಪು ನಿಲುವಂಗಿ ತೊಡಿಸಿ ಕೈ ಕುಲುಕಿಸಿದೆವು. ಅವರ ಮುಖ ಬರದ ಹಾಗೆ ಪಕ್ಕದಿಂದ ತೆಗೆದೆ. ಮೂವತ್ತೆರಡು ವರ್ಷದಲ್ಲಿ ಹೀಗೆ ಫೋಟೊ ಬಿಟ್ಟದ್ದು ನನಗೆ ನೆನಪಿಲ್ಲ.

ಕಾರಿನಲ್ಲಿ ಕೂತ ಮೇಲೆ ಚಿಕ್ಕಪ್ಪ ಸೀಟಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದರು. ಸಂಜೆಯ ಬಿಸಿಲು ಇನ್ನೂ ಇತ್ತು. ಸ್ಟುಡಿಯೋ ಕಡೆ ತಿರುಗಬೇಕಾದ ಜಾಗದಲ್ಲಿ ನಾನು ನೇರ ಹೋದೆ.

ರಸ್ತೆಯ ಉಬ್ಬುಗಳು ಅವರಿಗೆ ಗೊತ್ತು. "ಎಲ್ಲಿಗೆ?" ಅಂದರು.

"ಅಕ್ಕನ ಮನೆಗೆ."

"ಬೇಡ. ಸುಮ್ನೆ ಯಾಕೆ. ಅವಳಿಗೂ ಕೆಲಸದ ದಿನ."

"ಹತ್ತು ನಿಮಿಷ."

"ನಿಂಗೆ ಹೇಳಿದ್ದೇ ತಪ್ಪಾಯ್ತು," ಅಂದರು. ಆದರೆ ಕಾರು ತಿರುಗಿಸು ಎನ್ನಲಿಲ್ಲ.

ಅಕ್ಕನಿಗೆ, ಅಂದರೆ ಆ ಮದುವೆಯ ಮದುಮಗಳಿಗೆ, ಆಸ್ಪತ್ರೆಯ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ನಾವು ಹೋದಾಗ ಆಗಷ್ಟೇ ಬಂದಿದ್ದಳು. ಬಕೆಟ್ಟಿನ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟುಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬೀನ್ಸ್ ನಾರು ತೆಗೆಯುತ್ತಿದ್ದಳು. ಬಾಗಿಲು ತೆಗೆದದ್ದು ಭಾವ. ಚಿಕ್ಕಪ್ಪನನ್ನು ಕಂಡು, ಏನೂ ಕೇಳದೆ ಕುರ್ಚಿ ತಂದು ಹಾಕಿ, ಏನೋ ನಡೆಯಲಿದೆ ಎಂದು ತಿಳಿದವರ ಹಾಗೆ ಚೀಲ ಹಿಡಿದು ಅಂಗಡಿಗೆ ಹೊರಟರು. ಮದುವೆ ಕಾರ್ಯಗಳಲ್ಲಿ ಎದುರಾದರೆ ಚೆನ್ನಾಗಿದೀರಾ, ಚೆನ್ನಾಗಿದೀನಿ, ಅಷ್ಟೇ ಮಾತು ಅಕ್ಕನಿಗೂ ಚಿಕ್ಕಪ್ಪನಿಗೂ. ಈ ಮನೆಗೆ ಅವರು ಕಾಲಿಟ್ಟಿದ್ದು ಅದೇ ಮೊದಲು.

ಹೇಳಬೇಕಾದವರು ಅವರು, ಹೇಳಿದ್ದು ನಾನು. ನಡುವೆ ಒಂದೆರಡು ಕಡೆ ಅವರು ತಿದ್ದಿದರು. "ಮೂರು ತಿಂಗಳಲ್ಲ, ನಾಲ್ಕು." "ಮೊದಲು ಬಲಗಣ್ಣು." ಅಕ್ಕ ಬೀನ್ಸ್ ಬಿಡಿಸುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದಾಗ ಒಂದು ಬೀನ್ಸ್ ಜಾರಿ ಬಕೆಟ್ಟಿಗೆ ಬಿತ್ತು. ಅವಳು ಬಗ್ಗಿ ಎತ್ತಿಕೊಳ್ಳಲಿಲ್ಲ.

"ಅಪ್ಪನಿಗೆ ಒಂದು ಮಾತು ಹೇಳಿದ್ರೆ ಎತ್ಕೊಂಡು ಹೋಗಿ ಡಾಕ್ಟ್ರಿಗೆ ತೋರಿಸ್ತಿದ್ರು," ಅಂದಳು. ಧ್ವನಿ ಏರಲಿಲ್ಲ.

"ಗೊತ್ತು," ಅಂದರು ಚಿಕ್ಕಪ್ಪ. "ಅವನಿಗೆ ಹೇಳಿದ್ರೆ ಊರಿಗೇ ಹೇಳಿದ ಹಾಗೆ. ಅವನ ಗಂಟಲು ನಿನಗೆ ಗೊತ್ತಲ್ಲ."

"ಹನ್ನೊಂದು ವರ್ಷ. ಯಾರ ಮನೆ ಮದುವೆಗೆ ಹೋದ್ರೂ ಅಪ್ಪ ಬಾಗಿಲು ಕಾಣೋ ಕಡೆ ಕೂರೋರು. ಅಮ್ಮ ಕೇಳಿದ್ರೆ ಗಾಳಿ ಬರುತ್ತೆ ಅನ್ನೋರು."

ಚಿಕ್ಕಪ್ಪನ ಮುಖ ಗೋಡೆಯ ಕಡೆಗಿತ್ತು. ಅವಳನ್ನು ನೋಡಲೆಂದು ತಿರುಗಿಸಿದ್ದೋ, ನೋಡಬಾರದೆಂದೋ ನನಗೆ ಗೊತ್ತಾಗಲಿಲ್ಲ.

"ಆ ದಿನ ಗೇಟಿನವರೆಗೂ ಬಂದಿದ್ರಲ್ಲ," ಎಂದು ಅಕ್ಕ ಮುಂದುವರಿಸಿದಳು. "ಒಳಗೆ ಬರೋಕೆ ಏನಾಗಿತ್ತು?"

"ಬಂದು ಏನು ನೋಡಲಿ? ಅವನ ಮುಖ ನನಗೆ ಕಾಣ್ತಿರಲಿಲ್ಲ. ಎಲ್ಲರೆದುರು ನೋಡಿದ ಹಾಗೆ ನಟಿಸಬೇಕಿತ್ತು. ಅದೊಂದು ನನ್ನ ಕೈಲಿ ಆಗಲಿಲ್ಲ."

ಕುಕ್ಕರ್ ಕೂಗಿತು. ಅಕ್ಕ ಕಾಲು ಒರೆಸಿಕೊಂಡು ಎದ್ದು ಒಲೆ ಆರಿಸಿ, ನಮ್ಮ ಕಡೆ ಬೆನ್ನು ಮಾಡಿ ಅಲ್ಲೇ ನಿಂತಳು. ಅಳುತ್ತಿದ್ದಾಳೆ ಅಂದುಕೊಂಡೆ. ತಿರುಗಿದಾಗ ಕಣ್ಣಲ್ಲಿ ನೀರಿರಲಿಲ್ಲ, ಬೆಳಗ್ಗೆಯಿಂದ ನಿಂತು ಕೆಲಸ ಮಾಡಿದವರ ಮುಖವಷ್ಟೇ ಇತ್ತು.

"ನೋಡಿ ಚಿಕ್ಕಪ್ಪ. ಇವತ್ತು ನಾನೂರು ಸ್ಯಾಂಪಲ್ ನೋಡಿ ಬಂದಿದೀನಿ. ಅಯ್ಯೋ ಪಾಪ ಅನ್ನೋಕೂ ನನ್ನಲ್ಲಿ ತ್ರಾಣ ಇಲ್ಲ, ಬೈಯೋಕೂ ಇಲ್ಲ. ಭಾನುವಾರ ರಜಾ. ಭಾನುವಾರ ಬನ್ನಿ, ಬೈತೀನಿ."

"ಎಷ್ಟು ಹೊತ್ತಿಗೆ?" ಅಂದರು ಚಿಕ್ಕಪ್ಪ.

"ಹತ್ತಕ್ಕೆ."

"ಆಯ್ತು."

ಊಟಕ್ಕೆ ಏಳಿ ಅಂದಳು. ಬೇಡ ಎನ್ನುವ ಶಕ್ತಿ ನಮ್ಮಲ್ಲೂ ಇರಲಿಲ್ಲ. ಭಾವ ವಾಪಸ್ ಬಂದರು. ನಾಲ್ವರೂ ಒಟ್ಟಿಗೆ ಉಂಡೆವು. ಚಿಕ್ಕಪ್ಪನಿಗೆ ತಟ್ಟೆಯ ನಡುವೆ ಹಾಕಿದ್ದು ಕಾಣುವುದಿಲ್ಲ ಎಂದು ನಾನು ಹೇಳುವ ಮೊದಲೇ ಅಕ್ಕ ಪಲ್ಯವನ್ನು ಅಂಚಿಗೆ ಸರಿಸಿ ಬಡಿಸಿದಳು. ಅವಳ ಲ್ಯಾಬಿನ ಪಕ್ಕದಲ್ಲೇ ಕಣ್ಣಿನ ವಿಭಾಗವಂತೆ, ಇಂಥವರನ್ನು ದಿನಾ ನೋಡುತ್ತಾಳಂತೆ.

ಭಾನುವಾರ ಹತ್ತಕ್ಕೆ ಕರೆದುಕೊಂಡು ಹೋದೆ. ಬಿಟ್ಟು ಬರೋಣ ಎಂದಿದ್ದೆ, "ನೀನೂ ಕೂತ್ಕೋ, ನಿನಗೂ ಇದೆ," ಅಂದಳು ಅಕ್ಕ. ಬೈಗುಳ ಪೂರಾ ಒಂದು ಗಂಟೆ ನಡೆಯಿತು. ಮದುವೆಯ ದಿನ ಹೊರಗೆ ಕಾಲಿಟ್ಟಾಗಿನಿಂದ ಹಿಡಿದು, ಅವಳ ಮೊದಲ ಮಗುವಿಗೆ ಹೆಸರಿಟ್ಟಾಗ ಬರದೇ ಇದ್ದದ್ದು, ಅಪ್ಪನಿಗೆ ಆಪರೇಷನ್ ಆದಾಗ ಬರದೇ ಇದ್ದದ್ದು, ಒಂದನ್ನೂ ಬಿಡಲಿಲ್ಲ. ಮೂವತ್ತೆರಡು ವರ್ಷದ್ದು ಅವಳ ನಾಲಿಗೆ ತುದಿಯಲ್ಲೇ ಇತ್ತು. ನನಗೆ ಹೇಳಿದ್ದು ಒಂದೇ ಮಾತು. "ದಿನಾ ಪಕ್ಕದಲ್ಲೇ ಇದ್ದೆಯಲ್ಲೇ, ನಿನಗೂ ಕಾಣಲಿಲ್ವಾ?"

ಚಿಕ್ಕಪ್ಪ ಕೈಕಟ್ಟಿ, ಮೇಷ್ಟರ ಮುಂದೆ ನಿಂತ ಹುಡುಗನ ಹಾಗೆ ಕೂತಿದ್ದರು. ಅವಳು ನೀರು ಕುಡಿಯಲು ನಿಲ್ಲಿಸಿದಾಗ, "ಆಪರೇಷನ್ ಆಗಿದ್ದು ನನಗೆ ಗೊತ್ತೇ ಇರಲಿಲ್ಲ," ಅಂದರು.

"ಗೊತ್ತಾಗಬಾರದು ಅಂತ ಅಪ್ಪನೇ ಹೇಳಿದ್ರು," ಅಂದಳು ಅಕ್ಕ. "ಬೇಡ, ಅವನು ಓಡಿ ಬರ್ತಾನೆ, ಅವನಿಗೆ ಬಿಪಿ ಇದೆ ಅಂತ."

ಆಗ ಚಿಕ್ಕಪ್ಪ ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡರು. ನಾವಿಬ್ಬರೂ ಏನೂ ಮಾಡಲಿಲ್ಲ. ಅವರು ಕೈ ತೆಗೆಯುವವರೆಗೆ ಕಾದೆವು. ತೆಗೆದ ಮೇಲೆ ಅಕ್ಕ ಟೀ ಇಟ್ಟಳು.

ಬರುವಾಗ ಕಾರಿನಲ್ಲಿ ಅರ್ಧ ದಾರಿ ಕಳೆದ ಮೇಲೆ, "ಚೆನ್ನಾಗಿ ಬೈದ್ಲು. ಥೇಟ್ ಅವರಪ್ಪನ ಗಂಟಲು," ಅಂದರು. ಇನ್ನೊಂದಿಷ್ಟು ದೂರ ಹೋದ ಮೇಲೆ, "ಬರೋ ಭಾನುವಾರ ನಿನಗೆ ಕೆಲಸ ಇದೆಯಾ?" ಎಂದು ಕೇಳಿದರು.

ಇತ್ತು. ಅದರ ಮುಂದಿನ ಭಾನುವಾರವೂ ಇತ್ತು. ಮೂರನೆಯ ವಾರ ಅಕ್ಕನೇ ಬಸ್ಸು ಹತ್ತಿ ಬಂದಳು, ಬಂದವಳೇ ಕಾಲು ನೋವು ಎಂದು ಸ್ಟುಡಿಯೋದ ಬೆಂಚಿನ ಮೇಲೆ ಕಾಲು ಚಾಚಿ ಒರಗಿದಳು. ಚಿಕ್ಕಪ್ಪ ಪಕ್ಕದ ಕುರ್ಚಿಯಲ್ಲಿದ್ದರು. ನಾನು ಒಳಗೆ ಗಿರಾಕಿಯೊಬ್ಬರ ಫೋಟೊ ತೆಗೆದು ಬರುವಷ್ಟರಲ್ಲಿ ಇಬ್ಬರೂ ಕೂತಲ್ಲೇ ನಿದ್ದೆ ಹೋಗಿದ್ದರು.